ಪಕ್ಕದ ಮನೆಯಲ್ಲಿದ್ದ ಮಂತ್ರಿಯ ಅಕ್ಕ

ಮೊನ್ನೆ ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್ಲಿನ ನಮ್ಮ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಹುಡುಕುತ್ತ ಬಗ್ಗಿದಾಗ ಕೆಳಗಿನ ಸಾಲಿನಿಂದ ಆ ವಾಸನೆ ಬಂತು. ಕೆಂಪು ಕಾರ್ಬಾಲಿಕ್ ಸೋಪು. ಅಂಗಡಿಯವರು ಅದನ್ನು ಅಗರಬತ್ತಿಯ ಪಕ್ಕ ಪೇರಿಸಿಟ್ಟಿದ್ದರು. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ನ್ಯಾಯವಾಗಿ ನನಗೆ ಗಂಗೊಳ್ಳಿಯ ನಮ್ಮ ಬಚ್ಚಲುಮನೆ ನೆನಪಾಗಬೇಕಿತ್ತು. ನೆನಪಾದದ್ದು ರಾಕ್‌ವಿಲ್ಲಿನ ಒಂದು ಅಡುಗೆಮನೆ, ಅಲ್ಲಿ ಸಿಂಕಿನ ಮುಂದೆ ನಿಂತು ಮೊಣಕೈವರೆಗೂ ನೊರೆ ಮಾಡಿಕೊಂಡು ಕೈ ತೊಳೆಯುತ್ತಿದ್ದ ಒಬ್ಬ ಇಂಗ್ಲಿಷ್ ಅಜ್ಜಿ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರ ತಮ್ಮನ ಹೆಸರೂ ತಾನಾಗಿ ಹೊರಬೀಳುತ್ತದೆ. ಆತ ಬ್ರಿಟನ್ನಿನ ರಾಜಕಾರಣಿ, ಒಂದು ಕಾಲಕ್ಕೆ ಮಂತ್ರಿ. ನನಗೆ ಮಾತ್ರ ಅವರು ಯಾವತ್ತಿಗೂ ಪಕ್ಕದ ಮನೆಯ ಅಜ್ಜಿ.

ನಾವು ವಾಷಿಂಗ್ಟನ್ ಹತ್ತಿರದ ರಾಕ್‌ವಿಲ್ಲಿಗೆ ಬಂದದ್ದು 2001ರ ಚಳಿಗಾಲದಲ್ಲಿ. ನನ್ನ ಗಂಡನಿಗೆ ಫೆಡರಲ್ ಏಜೆನ್ಸಿಯೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸ, ನನಗೆ ಬಯೋಟೆಕ್ ಲ್ಯಾಬಿನಲ್ಲಿ. ಮಗಳಿಗೆ ಆಗ ನಾಲ್ಕು ವರ್ಷ. ಟೌನ್‌ಹೌಸುಗಳ ಸಾಲು, ಗೋಡೆಗೆ ಗೋಡೆ. ಬಂದ ಎರಡನೇ ಭಾನುವಾರ ಎಲ್ಲಿಂದಲೋ ಒಳ್ಳೆ ಬಂಗುಡೆ ಮೀನು ಸಿಕ್ಕಿತೆಂದು ಮಸಾಲೆ ಹಚ್ಚಿ ಹುರಿಯುತ್ತಿದ್ದೆ. ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಇವರು ಕುರ್ಚಿ ಹತ್ತಿ ಟವೆಲ್ ಬೀಸುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಕಂಪ್ಲೇಂಟ್ ಮಾಡಲು ಬಂದಿದ್ದಾರೆ ಎಂದುಕೊಂಡೆ. ಬಾಗಿಲು ತೆಗೆದರೆ ಬೂದುಬಣ್ಣದ ಕಾರ್ಡಿಗನ್ ಹಾಕಿದ, ಉದ್ದ ಕತ್ತಿನ, ಎಪ್ಪತ್ತರ ಹತ್ತಿರದ ಹೆಂಗಸು.

"ಅದು ಬಂಗುಡೆನಾ?" ಎಂದು ಕೇಳಿದರು. ಇಂಗ್ಲಿಷಿನಲ್ಲೇ, ಆದರೆ ಸಿನಿಮಾಗಳಲ್ಲಿ ಕೇಳುವ ಇಂಗ್ಲಿಷ್ ಅಲ್ಲ, ಒರಟಾದ ಯಾವುದೋ ಕರಾವಳಿಯ ಇಂಗ್ಲಿಷು.

ಹೌದೆಂದೆ. "ನಾನು ಹುಟ್ಟಿದ್ದು ಮೀನಿನ ಬಂದರಿನಲ್ಲಿ. ಈ ವಾಸನೆ ಮೂಗಿಗೆ ಬಿದ್ದು ಮೂವತ್ತು ವರ್ಷ ಆಯ್ತು" ಎಂದು ಒಳಗೆ ಬಂದೇಬಿಟ್ಟರು. ನಾನೂ ಬಂದರಿನವಳೇ ಎಂದಾಗ ಅವರ ಮುಖ ಅರಳಿದ ರೀತಿ... ಎರಡು ಮೀನು ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮುಳ್ಳು ಬಿಡಿಸುವುದರಲ್ಲಿ ನಮ್ಮಷ್ಟೇ ಚುರುಕು. ಎದ್ದು ಕೈ ತೊಳೆಯುವಾಗ ಸಿಂಕಿನ ಬಳಿ ನಾನಿಟ್ಟಿದ್ದ ಕೆಂಪು ಸೋಪನ್ನು ಕಂಡು ಎತ್ತಿ ಮೂಗಿಗೆ ಹಿಡಿದರು. ಒಂದು ಹೆಚ್ಚಿಗೆ ಇದ್ದರೆ ಕೊಡುತ್ತೀಯಾ ಎಂದು ಕೇಳಿದರು. ಕೊಟ್ಟೆ. ಯಾಕೆಂದು ಆಗ ತಿಳಿಯಲಿಲ್ಲ.

ಅವರ ಗಂಡ ಅಮೆರಿಕದವರು, ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಮರುವರ್ಷದ ಅಕ್ಟೋಬರಿನಲ್ಲಿ ನಮ್ಮ ಕೌಂಟಿಯಲ್ಲೇ ಯಾರೋ ಮರೆಯಲ್ಲಿ ನಿಂತು ದಾರಿಹೋಕರನ್ನು ಗುಂಡಿಟ್ಟು ಕೊಲ್ಲುತ್ತಿದ್ದರಲ್ಲ, ಜನ ಕಾರಿಗೆ ಪೆಟ್ರೋಲ್ ಹಾಕಿಸುವಾಗಲೂ ಬಗ್ಗಿ ಅಡಗಿ ನಿಲ್ಲುತ್ತಿದ್ದ ಆ ಮೂರು ವಾರ, ನನ್ನ ಮಗಳನ್ನು ಸ್ಕೂಲ್ ಬಸ್ಸಿಗೆ ಬಿಟ್ಟವರು ಅವರು. ನನ್ನ ಶಿಫ್ಟು ಬೇಗ ಶುರುವಾಗುತ್ತಿತ್ತು. "ನೀನು ಹೋಗು. ನಾನು ಬಾಂಬು ಬೀಳುವಾಗ ಶಾಲೆಗೆ ಹೋದವಳು" ಎಂದರು. ಮಗುವನ್ನು ಮನೆಗಳ ಕಡೆಗೆ ಹಾಕಿಕೊಂಡು, ತಾವು ರಸ್ತೆಯ ಕಡೆಗೆ, ಅಗಲವಾದ ಕೋಟು ಬಿಚ್ಚಿ ಹರಡಿಕೊಂಡು ನಡೆಯುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಬಸ್ ಸ್ಟಾಪಿನ ಇನ್ನೊಬ್ಬ ತಾಯಿ. ಅಜ್ಜಿ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮಗಳು ಎರಡನೇ ಗ್ರೇಡಿನಲ್ಲಿದ್ದಾಗ ಸ್ಕೂಲಿನಲ್ಲಿ ಫ್ಯಾಮಿಲಿ ಟ್ರೀ ಬರೆದುಕೊಂಡು ಬರಲು ಹೇಳಿದರು. ದೊಡ್ಡ ಚಾರ್ಟ್ ಹಾಳೆಯ ಮೇಲೆ ಮರ ಬರೆದು, ಕೊಂಬೆಗಳಲ್ಲಿ ನಮ್ಮನ್ನೆಲ್ಲ ಕೂರಿಸುತ್ತಿದ್ದಳು.

"ಅಮ್ಮಾ, ನಿಂಗೆ ಬ್ರದರ್ಸ್ ಆ್ಯಂಡ್ ಸಿಸ್ಟರ್ಸ್ ಯಾರು ಯಾರು?"

"ಮಾಮ ಒಬ್ಬನೇ" ಎಂದೆ.

ಅದು ಸುಳ್ಳು. ನನಗೊಬ್ಬಳು ತಂಗಿ ಇದ್ದಾಳೆ, ವಾರಿಜ. ಕುಂದಾಪುರದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅವಳಿಗೆ ಯಾರೋ ಕಿವಿಯಲ್ಲಿ ಮಾತಾಡಿದಂತೆ ಕೇಳಲು ಶುರುವಾಯಿತು. ಆಮೇಲೆ ಊಟ ಬಿಟ್ಟಳು, ಬೀದಿಗೆ ಓಡಿದಳು. ಮಂತ್ರ, ಹರಕೆ, ಆಸ್ಪತ್ರೆ ಎಲ್ಲ ಮುಗಿದ ಮೇಲೆ ಅಪ್ಪ ಅವಳನ್ನು ಮಂಗಳೂರಿನ ಆಚೆ ಕ್ರೈಸ್ತ ಸಿಸ್ಟರುಗಳು ನಡೆಸುವ ಆಶ್ರಯವೊಂದರಲ್ಲಿ ಬಿಟ್ಟುಬಂದರು. ಅದಾಗಿ ಒಂದು ವರ್ಷಕ್ಕೆ ನನಗೆ ಸಂಬಂಧ ಬಂತು. ಗಂಡಿನ ಕಡೆಯವರ ಮುಂದೆ ಅಮ್ಮ ಕಾಫಿ ಲೋಟ ಇಡುತ್ತ, "ನಮ್ಗೆ ಇಬ್ರೇ ಮಕ್ಳ್" ಎಂದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಮದುವೆಗೆ ಹತ್ತು ದಿನ ಮುಂಚೆ ಅವಳನ್ನು ನೋಡಲು ಹೋಗಿದ್ದೆ. "ಅಕ್ಕಾ, ಮದಿಗೆ ನಂಗೆ ಯಾವ ಸೀರೆ?" ಎಂದು ಕೇಳಿದ್ದಳು. ಹಸಿರು ಎಂದಿದ್ದೆ... ಅದಾದ ಮೇಲೆ ನಾನು ಅವಳನ್ನು ನೋಡಿರಲಿಲ್ಲ. ನನ್ನ ಗಂಡನಿಗೆ ಹಾಗೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ.

ಮಗಳು ಚಾರ್ಟ್ ಹಾಳೆ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅಜ್ಜಿಯೂ ಒಂದು ಮರ ಬರೆಯಬೇಕೆಂದು ಇವಳ ಹಟ. ಸಂಜೆ ಓಡಿಬಂದು, "ಅಮ್ಮಾ, ಗ್ರ್ಯಾನಿ ಹ್ಯಾಸ್ ಅ ಬ್ರದರ್! ಅವ್ರು ಟಿವಿಲಿ ಬರ್ತಾರೆ! ಬಟ್ ಶೀ ವಾಸ್ ಕ್ರೈಯಿಂಗ್" ಎಂದಳು.

ನಾನು ಒಲೆ ಆರಿಸಿ ಹೋದೆ. ಅವರು ಅಡುಗೆಮನೆಯಲ್ಲಿ ಕೂತಿದ್ದರು. ಅಳು ನಿಂತಿತ್ತು. ಮೇಜಿನ ಮೇಲೆ ಅವರ ಕೈಬರಹದ ಮರ, ನಾಲ್ಕೇ ಹೆಸರು. ಅಪ್ಪ, ಅಮ್ಮ, ಅವರು, ತಮ್ಮ. ತಮ್ಮನ ಹೆಸರು ನಾನೂ ಸುದ್ದಿಯಲ್ಲಿ ಕೇಳಿದ್ದೆ.

"ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನೂ ಇಲ್ಲ. ಮೂವತ್ತೆಂಟು ವರ್ಷದಿಂದ ನಾವು ಮಾತಾಡಿಲ್ಲ" ಎಂದರು.

ಆಮೇಲೆ ಅವರೇ ಹೇಳಿದರು. ಅವರಪ್ಪ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದವರು. ಅಜ್ಜಿಗೆ ಹನ್ನೆರಡು, ತಮ್ಮನಿಗೆ ಏಳು ಇದ್ದಾಗ ಅಮ್ಮನಿಗೆ ಮೂರನೇ ಮಗು ಹುಟ್ಟಿ ಹತ್ತು ದಿನಕ್ಕೆ ಹೋಯಿತು. ಅಮ್ಮ ಮಾತು ಬಿಟ್ಟರು. ಒಂದು ಬೆಳಿಗ್ಗೆ ಸತ್ತ ಮಗುವಿನ ಬಟ್ಟೆ ಹಿಡಿದು ಸಮುದ್ರಕ್ಕೆ ಇಳಿದರು. ಜನ ಎಳೆದು ತಂದರು. ಊರಿನಿಂದ ಎರಡು ಗಂಟೆ ಬಸ್ಸಿನ ದಾರಿಯಲ್ಲಿದ್ದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಹೊರಗೆ ಬರಲೇ ಇಲ್ಲ. ಅಜ್ಜಿ ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅಡುಗೆ, ಬಟ್ಟೆ, ತಮ್ಮನ ಪಾಠ ಎಲ್ಲ ನೋಡಿಕೊಂಡರು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅಮ್ಮನ ಹತ್ತಿರ. ಆ ಆಸ್ಪತ್ರೆಯ ವಾರ್ಡು, ಹಾಸಿಗೆ, ಅಮ್ಮನ ತಲೆಗೂದಲು, ಎಲ್ಲಕ್ಕೂ ಒಂದೇ ವಾಸನೆಯಂತೆ, ಕೆಂಪು ಸೋಪಿನದು.

ತಮ್ಮ ಮೊದಮೊದಲು ಜೊತೆಗೆ ಬರುತ್ತಿದ್ದ. ಅವನಿಗೆ ಹತ್ತು ವರ್ಷ ತುಂಬಿದ ಮೇಲೆ ಬರಲಿಲ್ಲ. ಓದಿನಲ್ಲಿ ಬುದ್ಧಿವಂತ, ದೊಡ್ಡ ಶಾಲೆಗೆ ಸೀಟು ಸಿಕ್ಕಿತು. ಅಲ್ಲಿ ಯಾರೋ ಕೇಳಿದಾಗ ಅಮ್ಮ ಸತ್ತಿದ್ದಾಳೆಂದು ಹೇಳಿದ. ಹೇಳಿದ್ದು ಹಾಗೇ ಉಳಿಯಿತು. ಅವನ ಮದುವೆಯ ದಿನ ಚರ್ಚಿನಲ್ಲಿ ಹಂಚಿದ ಕಾಗದದಲ್ಲಿ ಅಮ್ಮನ ಹೆಸರಿನ ಮುಂದೆ 'ದಿವಂಗತ' ಎಂದು ಅಚ್ಚಾಗಿತ್ತು.

"ಹಿಂದಿನ ಭಾನುವಾರ ತಾನೇ ನಾನು ಅವಳ ಉಗುರು ಕತ್ತರಿಸಿ ಬಂದಿದ್ದೆ" ಎಂದರು ಅಜ್ಜಿ. "ಆ ಕಾಗದ ಮಡಚಿ ಬೆಂಚಿನ ಮೇಲಿಟ್ಟು ಎದ್ದು ಬಂದೆ. ಅವಳು ನಿಜವಾಗಿ ಸತ್ತದ್ದು ಅದಾಗಿ ನಾಲ್ಕು ವರ್ಷಕ್ಕೆ. ಹೂಳುವಾಗ ನಾನು ಮತ್ತೆ ಇಬ್ಬರು ನರ್ಸು. ಅವನು ಬರಲಿಲ್ಲ. ಬರುವುದಾದರೂ ಹೇಗೆ, ಸತ್ತವಳು ಇನ್ನೊಂದು ಸಲ ಸಾಯುತ್ತಾಳಾ?"

ಅದೇ ವರ್ಷ ಗಂಡನ ಜೊತೆ ಅಮೆರಿಕಕ್ಕೆ ಬಂದುಬಿಟ್ಟಿದ್ದರು. ತಮ್ಮ ಪಾರ್ಲಿಮೆಂಟಿಗೆ ಆರಿಸಿ ಬಂದದ್ದು, ಮಂತ್ರಿಯಾದದ್ದು ಎಲ್ಲ ಪೇಪರಿನಲ್ಲಿ ಓದಿ ತಿಳಿದದ್ದು. ತಾಯಿಯಿಲ್ಲದ ಬಡ ಹುಡುಗ ಮೇಲೆ ಬಂದ ಕಥೆಯನ್ನು ಆತ ಭಾಷಣಗಳಲ್ಲಿ ಹೇಳುತ್ತಿದ್ದನಂತೆ.

ಸಮಾಧಾನ ಹೇಳುವ ಮುಖ ನನಗಿರಲಿಲ್ಲ. ಮನೆಗೆ ಬಂದರೆ ಮಗಳ ಮರ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ನನ್ನ ಕೊಂಬೆಯಲ್ಲಿ ನಾನು, ಪಕ್ಕದಲ್ಲಿ ಮಾಮ.

ಕೆಲವು ತಿಂಗಳಾದ ಮೇಲೆ ಲಂಡನ್ನಿನಿಂದ ಒಬ್ಬ ಬರಹಗಾರ ಕಾಗದ ಬರೆದ. ಮಂತ್ರಿಯ ಜೀವನಚರಿತ್ರೆ ಬರೆಯುತ್ತಿದ್ದನಂತೆ. ಅಕ್ಕ ಇದ್ದಾಳೆಂದು ಹೇಗೋ ಪತ್ತೆ ಹಚ್ಚಿದ್ದ. ಬರಲಿ ಎಂದರು ಅಜ್ಜಿ. ಆದರೆ ಬರುವ ದಿನ ನನ್ನನ್ನು ಕರೆದು, "ನೀನು ನನ್ನ ಜೊತೆ ಕೂತಿರು, ಒಬ್ಬಳೇ ಇದ್ದರೆ ನಾನು ಎಲ್ಲ ಕಕ್ಕಿಬಿಡುತ್ತೇನೆ" ಎಂದರು.

ಆತ ಸಭ್ಯನೇ. ಅಪ್ಪನ ಬಗ್ಗೆ, ಬಂದರಿನ ಬಗ್ಗೆ, ತಮ್ಮನ ತುಂಟತನದ ಬಗ್ಗೆ ಕೇಳಿದ. ಅಜ್ಜಿ ನಗುತ್ತ ಹೇಳಿದರು. ಕೊನೆಗೆ ಟೇಪ್ ರೆಕಾರ್ಡರನ್ನು ಸ್ವಲ್ಪ ಹತ್ತಿರ ಸರಿಸಿ, "ನಿಮ್ಮ ತಾಯಿ ತೀರಿಕೊಂಡ ವರ್ಷದ ದಾಖಲೆ ನನಗೆ ಸಿಗುತ್ತಿಲ್ಲ" ಎಂದ.

ಅವನಿಗೆ ಅನುಮಾನ ಬಂದಿತ್ತು. ಅಜ್ಜಿಯ ಮೇಜಿನ ಡ್ರಾಯರಿನಲ್ಲಿ ಒಂದು ಫೋಟೋ ಇತ್ತು, ನನಗೆ ತೋರಿಸಿದ್ದರು. ಆಸ್ಪತ್ರೆಯ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತ ನರೆಗೂದಲಿನ ತಾಯಿ, ಪಕ್ಕದಲ್ಲಿ ಮೂವತ್ತು ದಾಟಿದ ಮಗಳು. ಅದನ್ನು ತೆಗೆದು ಅವನ ಮುಂದಿಟ್ಟಿದ್ದರೆ ಸಾಕಿತ್ತು, ಅಷ್ಟು ವರ್ಷದ ಸಿಟ್ಟೆಲ್ಲ ತೀರುತ್ತಿತ್ತು. ಅವರ ಕೈ ಡ್ರಾಯರಿನ ಹಿಡಿಯ ಮೇಲೆ ಹೋದದ್ದನ್ನು ನಾನು ನೋಡಿದೆ. ಅಲ್ಲೇ ಸ್ವಲ್ಪ ಹೊತ್ತು ಇತ್ತು.

"ಅಮ್ಮನ ವಿಷಯ ನನ್ನ ತಮ್ಮನನ್ನು ಕೇಳಿ. ಅವನಿಗೂ ಅವಳು ಅಮ್ಮನೇ" ಎಂದರು. ಕೈ ತೆಗೆದರು.

ಆತ ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ನಾನು ಹೇಳಿದರೆ ಅವಳು ಪೇಪರಿನವರಿಗೆ ಸುದ್ದಿ ಆಗ್ತಾಳೆ, ಅಷ್ಟೇ. ಅವನ ಬಾಯಲ್ಲಿ ಬಂದರೆ ಅವಳಿಗೆ ಮಗ ಸಿಗ್ತಾನೆ."

ಅದೇ ವಾರ ತಮ್ಮನಿಗೆ ಕಾಗದ ಬರೆದರು. ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಒಬ್ಬ ಬಂದಿದ್ದ, ನಾನೇನೂ ಹೇಳಿಲ್ಲ, ಇದು ನಿನ್ನ ಹತ್ತಿರ ಇರಲಿ, ಅಷ್ಟೇ. ಆ ಫೋಟೋವನ್ನು, ಇದ್ದ ಒಂದೇ ಫೋಟೋವನ್ನು, ಒಳಗಿಟ್ಟರು. ಪೋಸ್ಟ್ ಆಫೀಸಿಗೆ ಡ್ರೈವ್ ಮಾಡಿದ್ದು ನಾನು. ಕಾಪಿ ತೆಗೆಸಿಟ್ಟುಕೊಳ್ಳಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಒಂದು ತಿಂಗಳು ಹೋಯಿತು. ಎರಡಾಯಿತು. ಅಜ್ಜಿ ಮೇಲ್‌ಬಾಕ್ಸಿನ ಕಡೆ ನೋಡುವುದನ್ನು ಬಿಟ್ಟರು. ವಸಂತದಲ್ಲಿ ಒಂದು ಶನಿವಾರ ಬೆಳಿಗ್ಗೆ ನಮ್ಮ ಸಾಲಿನ ಮುಂದೆ ಕಪ್ಪು ಕಾರು ಬಂದು ನಿಂತಿತು. ಸರ್ಕಾರಿ ಕೆಲಸಕ್ಕೆ ವಾಷಿಂಗ್ಟನ್ನಿಗೆ ಬಂದಿದ್ದ ಮಂತ್ರಿ ಹಿಂದಿನ ದಿನ ಫೋನ್ ಮಾಡಿ, ಅರ್ಧ ಗಂಟೆ ಬರಲೇ ಎಂದು ಕೇಳಿದ್ದನಂತೆ. ಕಿಟಕಿಯಿಂದ ನೋಡಿದೆ. ಟಿವಿಯಲ್ಲಿ ಎತ್ತರ ಕಾಣುತ್ತಿದ್ದ ಮನುಷ್ಯ, ಆ ಮೆಟ್ಟಿಲ ಮೇಲೆ ಸಣ್ಣವನಾಗಿ ಕಂಡ. ಬೆಲ್ ಒತ್ತುವ ಮುಂಚೆ ಟೈ ಸರಿಮಾಡಿಕೊಂಡ, ಆಮೇಲೆ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಅರ್ಧ ಗಂಟೆ ಎಂದವನು ಎರಡು ಗಂಟೆ ಕೂತ. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಕಾರು ತಿರುಗಿದ ಕೂಡಲೇ ನಾನು ಆ ಮನೆಗೆ ಹೋದೆ.

"ಒಂದೇ ಕೇಳಿದ" ಎಂದರು ಅಜ್ಜಿ. "ಅಮ್ಮ ನನ್ನನ್ನು ಕೇಳುತ್ತಿದ್ದಳಾ ಅಂತ."

"ನೀವೇನಂದಿರಿ?"

"ನಿಜ ಹೇಳಿದೆ. ಪ್ರತಿ ಭಾನುವಾರ ಕೇಳುತ್ತಿದ್ದಳು, ಪುಟ್ಟ ಎಲ್ಲಿ ಅಂತ. ನಾನು ಶಾಲೆಗೆ ಹೋಗಿದ್ದಾನೆ ಅಂತಿದ್ದೆ. ಅವನಿಗೆ ಮೂವತ್ತಾದ ಮೇಲೂ ಶಾಲೆಗೆ ಹೋಗಿದ್ದಾನೆ ಅಂತಲೇ ಹೇಳುತ್ತಿದ್ದೆ. ಓಹ್, ಬುದ್ಧಿವಂತ ಹುಡುಗ, ಅಂತ ಖುಷಿಪಡುತ್ತಿದ್ದಳು."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಶ್ರಯದ ಸಿಸ್ಟರು ಒಮ್ಮೆ ಅಮ್ಮನಿಗೆ ಹೇಳಿದ್ದರು, ವಾರಿಜ ಅಕ್ಕ ಎಲ್ಲಿ ಎಂದು ಕೇಳುತ್ತಾಳೆ, ಬರುವ ತಿಂಗಳು ಬರುತ್ತಾಳೆ ಎನ್ನುತ್ತೇವೆ ಎಂದು. ಅಮ್ಮ ಅದನ್ನು ನನಗೆ ಫೋನಿನಲ್ಲಿ ಹೇಳಿ, "ನೀ ಅದೆಲ್ಲ ತಲಿಗೆ ಹಚ್ಕಣ್ಬೇಡ" ಎಂದಿದ್ದಳು. ನಾನು ಹಚ್ಚಿಕೊಂಡಿರಲಿಲ್ಲ. ಅದನ್ನೆಲ್ಲ ಆ ದಿನ ಅವರ ಮುಂದೆ ಹೇಳಿದೆ, ಹತ್ತು ವರ್ಷದಲ್ಲಿ ಮೊದಲ ಸಲ ಅವಳ ಹೆಸರು ಬಾಯಿಬಿಟ್ಟು ಹೇಳಿದೆ. ನನ್ನನ್ನು ಅವರು ಎಷ್ಟು ಕೀಳಾಗಿ ನೋಡುವರೋ ಎಂದುಕೊಂಡಿದ್ದೆ. ಅವರು ಕೆಳಗಿಳಿದು ನನ್ನ ಪಕ್ಕದಲ್ಲೇ ಕೂತರು, ಮಂಡಿನೋವಿದ್ದರೂ.

"ನನ್ನ ತಮ್ಮನಿಗೆ ತಡವಾಯಿತು. ನಿನ್ನ ತಂಗಿ ಇದ್ದಾಳೆ" ಎಂದರು.

ಗಂಡನಿಗೆ ಮರುದಿನ ಹೇಳಿದೆ. ಇವರು ಪೂರ್ತಿ ಕೇಳಿದರು. ಕೇಳಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಲಾಂಡ್ರಿ ಮಡಚುತ್ತ, "ನಿನ್ ತಂಗಿಗೆ ಕಾಯಿಲೆ ಅಂದ್ರೆ ನಾನು ಮದುವೆ ಬೇಡ ಅಂತಿದ್ನಾ?" ಎಂದರು.

"ನೀವು ಅಂತಿರ್ಲಿಲ್ವೋ ಏನೋ. ನಿಮ್ಮನೆಯವ್ರು?"

ಇವರು ಇನ್ನೊಂದು ಅಂಗಿ ಮಡಚಿಟ್ಟರು. "ಅಂತಿದ್ರು. ಅದು ನಂಗೂ ಗೊತ್ತು" ಎಂದರು. "ಆದ್ರೆ ಹತ್ತು ವರ್ಷ, ಒಂದೇ ಮನೇಲಿ... ನನ್ನತ್ರ ಹೇಳೋಕಾಗ್ಲಿಲ್ವಲ್ಲ ನಿಂಗೆ." ಆ ನೋವು ಇವರಿಗೆ ಬೇಗ ಹೋಗಲಿಲ್ಲ. ಆದರೆ ಮಡಚಿದ ಬಟ್ಟೆ ಎತ್ತಿಡುವ ಮುಂಚೆ ಕೇಳಿದರು, "ಡಿಸೆಂಬರ್‌ಗೆ ಟಿಕೆಟ್ ಬುಕ್ ಮಾಡ್ಲಾ? ಅವ್ಳಿಗೆ ಏನಿಷ್ಟ?"

ಹೊರಡುವ ಮುಂಚೆ ಅಜ್ಜಿ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಅಷ್ಟು ವರ್ಷಗಳ ಭಾನುವಾರಗಳ ಅನುಭವ ಅದು. "ಹೋದ ಕೂಡಲೇ ಅಳಬೇಡ, ಅವಳಿಗೆ ಭಯವಾಗುತ್ತದೆ. ಕ್ಷಮೆ ಕೇಳಬೇಡ, ಅದು ನಿನಗೆ ಬೇಕಾದದ್ದು, ಅವಳಿಗಲ್ಲ. ತಿನ್ನಲು ಏನಾದರೂ ತೆಗೆದುಕೊಂಡು ಹೋಗು, ಇಬ್ಬರೂ ತಿನ್ನಿ. ಗಡಿಯಾರ ನೋಡಬೇಡ. ಬರುತ್ತೇನೆ ಅಂತ ಹೇಳುವುದಾದರೆ ಬರಲೇಬೇಕು, ಇಲ್ಲದಿದ್ದರೆ ಹೇಳಬೇಡ." ಇವತ್ತಿಗೂ ಇದಕ್ಕಿಂತ ಉಪಯೋಗಕ್ಕೆ ಬಂದ ಮಾತನ್ನು ನನಗೆ ಯಾರೂ ಹೇಳಿಲ್ಲ.

ವಾರಿಜ ಆಶ್ರಯದ ಜಗಲಿಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಕೂದಲು ಗಿಡ್ಡ ಕತ್ತರಿಸಿದ್ದರು, ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗುರುತು ಸಿಗಲಿಲ್ಲ ಎಂದುಕೊಂಡೆ.

"ಅಕ್ಕಾ, ದಪ್ಪ ಆಯ್ದೆ" ಎಂದಳು.

ನಾನು ಅಳಲಿಲ್ಲ. ತಂದಿದ್ದ ಗೋಳಿಬಜೆ ಪೊಟ್ಟಣ ಬಿಚ್ಚಿದೆ. ಇಬ್ಬರೂ ತಿಂದೆವು. ನನ್ನ ಮಗಳು ಸ್ವಲ್ಪ ದೂರ ನಿಂತು ನೋಡುತ್ತಿದ್ದವಳು ಮೆಲ್ಲಗೆ ಬಂದು, ತನ್ನ ಅಮೆರಿಕನ್ ಕನ್ನಡದಲ್ಲಿ, "ಚಿಕ್ಕಮ್ಮಾ, ಐ ಆಮ್ ನಿಮ್ಮ ಅಕ್ಕನ ಮಗಳು" ಎಂದಳು. ವಾರಿಜ ಅವಳ ಕೈಗೂ ಒಂದು ಬಜೆ ಇಟ್ಟಳು. ಹೊರಡುವಾಗ, ನಮ್ಮ ಜೊತೆ ಬಂದಿದ್ದ ಅಮ್ಮ ಗೇಟಿನ ಹತ್ತಿರ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವಳ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಎಷ್ಟೋ ಇಳಿಯಿತು. ನನ್ನನ್ನು ದಡ ಸೇರಿಸಲು ಇನ್ನೊಬ್ಬಳನ್ನು ಮುಚ್ಚಿಟ್ಟಿದ್ದಳು, ಅವಳೂ ಏನು ಸುಖಪಟ್ಟಳು?

ಆಮೇಲೆ ತಿಂಗಳಿಗೊಮ್ಮೆ ಫೋನ್. ಒಂದು ಸಲ ಅಜ್ಜಿ ನಮ್ಮ ಮನೆಯಲ್ಲೇ ಇದ್ದರು, ಫೋನ್ ತೆಗೆದುಕೊಂಡು, "ಹಲೋ, ವಾರಿಜ" ಎಂದರು. ಆ ಕಡೆಯಿಂದ ನನ್ನ ತಂಗಿ ಕಾಲೇಜಿನ ಹುಡುಗಿಯ ಸ್ಪಷ್ಟ ಇಂಗ್ಲಿಷಿನಲ್ಲಿ, "ಹೌ ಡು ಯು ಡು, ಮೇಡಂ?" ಎಂದದ್ದು ನನಗೂ ಕೇಳಿಸಿತು. ಅಜ್ಜಿ ಆ ದಿನವೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಅವರ ತಮ್ಮ ಕೊನೆಗೂ ಆ ಬರಹಗಾರನಿಗೆ ಎಲ್ಲ ಹೇಳಿದ್ದ. ಪುಸ್ತಕ ಬಂದಾಗ ಒಂದು ಪ್ರತಿ ಅಜ್ಜಿಗೆ ಬಂತು. ಅದರಲ್ಲಿ ಆ ಫೋಟೋ, ಅಡಿಯಲ್ಲಿ ತಾಯಿಯ ಹೆಸರು, ಮಗಳ ಹೆಸರು, ಎರಡೂ. ಅಲ್ಲಿಯ ಪತ್ರಿಕೆಗಳು ಆತನನ್ನು ಸುಳ್ಳುಗಾರ ಎಂದು ಚೆನ್ನಾಗಿಯೇ ಜಾಡಿಸಿದವು. ಮುಂದಿನ ವರ್ಷ ಮಂತ್ರಿಗಿರಿಯೂ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ. "ನಾನು ಅವನ ಕೆಲಸ ಕೆಡಿಸಿದೆನೇನೋ" ಎಂದು ಅಜ್ಜಿ ಕೊರಗುತ್ತಿದ್ದರು. ಆದರೆ ಭಾನುವಾರ ಫೋನ್ ತಪ್ಪುತ್ತಿರಲಿಲ್ಲ. ಗೋಡೆಯಾಚೆಯಿಂದ ಅವರ ನಗು ನಮಗೆ ಕೇಳಿಸುತ್ತಿತ್ತು, ಇಬ್ಬರೂ ಆ ಬಂದರಿನ ಒರಟು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು.

2007ರಲ್ಲಿ ನನ್ನ ಗಂಡನಿಗೆ ಅಟ್ಲಾಂಟಾ ಕಡೆ ಕೆಲಸವಾಯಿತು, ನಾವು ಇಲ್ಲಿಗೆ ಬಂದೆವು. ಮರುವರ್ಷ ವಸಂತದಲ್ಲಿ ಅಜ್ಜಿ ತೀರಿಹೋದರು. ನಮ್ಮ ಫೋನ್ ನಂಬರ್ ಬದಲಾಗಿತ್ತು, ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದು ವಾರವಾಗಿತ್ತು. ತಮ್ಮ ಬಂದಿದ್ದನಂತೆ, ಬೂದಿಯನ್ನು ಅಮ್ಮನ ಗೋರಿಯ ಹತ್ತಿರ ಕೊಂಡೊಯ್ದನಂತೆ. ನಾನು ಇರಲಿಲ್ಲ. ಹೊಸ ನಂಬರನ್ನು ಹೇಳುತ್ತೇನೆ, ಹೇಳುತ್ತೇನೆ ಎಂದುಕೊಂಡೇ ಆರು ತಿಂಗಳು ಕಳೆದಿದ್ದೆ... ಅವರು ಮಾಡಿದ್ದಕ್ಕೆ ಒಂದು ಸಲವೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದ ನೆನಪಿಲ್ಲ. ನಮ್ಮಲ್ಲಿ ಹಾಗೆ ಹೇಳುವ ಅಭ್ಯಾಸ ಇಲ್ಲ ಎಂದು ಆಗೆಲ್ಲ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಹೇಳಬಹುದಿತ್ತು.

ವಾರಿಜಳಿಗೆ ಈಗ ಐವತ್ತು ದಾಟಿದೆ. ಈಗೀಗ ಹೊಸ ಸಂಗತಿಗಳು ಅವಳ ತಲೆಯಲ್ಲಿ ನಿಲ್ಲುವುದಿಲ್ಲ, ಹಳೆಯವು ಮಾತ್ರ ಉಳಿದಿವೆ. ಪ್ರತಿ ಸಲ ಫೋನಿನಲ್ಲಿ ಎಲ್ಲ ಮಾತು ಮುಗಿದ ಮೇಲೆ, "ಆ ಇಂಗ್ಲಿಷ್ ಅಮ್ಮ ಹ್ಯಾಂಗಿದ್ರ್?" ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರೆ ಎಂದುಬಿಡು, ಅವಳಿಗ್ಯಾಕೆ ನೋವು ಎಂದು ಇವರು ಹೇಳುತ್ತಾರೆ. ನನ್ನಿಂದ ಆಗುವುದಿಲ್ಲ. "ಅವ್ರ್ ತೀರ್ಕಂಡ್ರ್ ವಾರಿಜಾ" ಎನ್ನುತ್ತೇನೆ. ಆಗ ಅವಳು, ಈಗಷ್ಟೇ ಕೇಳಿದವಳ ಹಾಗೆ, "ಅಯ್ಯೋ ದೇವ್ರೆ, ಯಾವಾಗ?" ಎಂದು ದನಿ ತಗ್ಗಿಸುತ್ತಾಳೆ. ಅವರನ್ನು ಕಣ್ಣಿಂದ ಒಮ್ಮೆಯೂ ನೋಡದ ನನ್ನ ತಂಗಿ ಮತ್ತೆ ಮತ್ತೆ ಅವರಿಗಾಗಿ ಅಳುತ್ತಾಳೆ, ಅವಳ ಜೊತೆ ನಾನೂ.